ಆಚಂದ್ರಾರ್ಕ ಅಂದರೆ ನಿಜವಾಗಿ ಎಷ್ಟು ವರ್ಷ?

ಹೊಳಲ್ಕೆರೆ ಹೈದ

ಹೋದ ಭಾನುವಾರ ಊರಿಗೆ ಹೋಗಿದ್ದೆ. ಹೊಳಲ್ಕೆರೆ ತಾಲ್ಲೂಕಿನ ಸಣ್ಣ ಹಳ್ಳಿ. ಅಡಿಕೆ ತೋಟ, ಒಂದು ಕೆರೆ, ಏರಿಯ ಕೆಳಗೆ ಒಂದು ಹಾಳು ಗುಡಿ. ಗುಡಿಯ ಪಕ್ಕ ಎದೆಮಟ್ಟದ ಶಾಸನದ ಕಲ್ಲು ನಿಂತಿದೆ. ಚಿಕ್ಕಂದಿನಲ್ಲಿ ಅದಕ್ಕೆ ಒರಗಿಕೊಂಡು ಸೀಬೆಕಾಯಿ ತಿಂದಿದ್ದೇ ಹೊರತು ಒಂದು ದಿನವೂ ಅದನ್ನು ನೆಟ್ಟಗೆ ನೋಡಿರಲಿಲ್ಲ.

ಈ ಸಲ ಮಗಳು ಜೊತೆಗಿದ್ದಳು. ಏಳನೇ ಕ್ಲಾಸು. ಕಲ್ಲಿನ ಮೇಲ್ಗಡೆ ನಡುವೆ ಲಿಂಗ, ಒಂದು ಕಡೆ ಹಸು ಕರು, ಎಡ ಮೂಲೆಯಲ್ಲಿ ಸೂರ್ಯ. "ಸೂರ್ಯ ಯಾಕಪ್ಪಾ ಇಲ್ಲಿ?" ಅಂದಳು. ನನಗೆ ಗೊತ್ತಿದ್ದದ್ದು ಹೇಳಿದೆ. ಸೂರ್ಯ ಚಂದ್ರ ಇರೋ ತನಕ ಈ ದಾನ ನಡೆಯಬೇಕು ಅಂತ ಅರ್ಥ, ಅದನ್ನೇ ಆಚಂದ್ರಾರ್ಕ ಅನ್ನುತ್ತಾರೆ ಅಂತ.

"ಹಾಗಾದ್ರೆ ಚಂದ್ರ ಎಲ್ಲಿ?"

ಚಂದ್ರ ಇರಲಿಲ್ಲ. ಬಲ ಮೂಲೆಯಲ್ಲಿ ಬೆರಳು ಕೂರುವಷ್ಟು ಒಂದು ನುಣುಪು ಗುಂಡಿ ಇತ್ತು, ಅಷ್ಟೇ. ಪಕ್ಕದ ಮನೆಯವರು ಎಮ್ಮೆಯನ್ನು ಆ ಕಲ್ಲಿಗೇ ಕಟ್ಟುತ್ತಾರೆ. ಹಗ್ಗ ಆ ಮೂಲೆಯ ಮೇಲೇ ಹಾದು ಹೋಗುತ್ತದೆ. ಎಮ್ಮೆ ಅತ್ತಿತ್ತ ಎಳೆದಾಡಿ ಚಂದ್ರನನ್ನು ಪೂರ್ತಿ ತಿಕ್ಕಿ ಹಾಕಿದೆ.

"ಅಂದ್ರೆ ದಾನ ಕ್ಯಾನ್ಸಲ್ಲಾ?" ಅಂದಳು. ನಕ್ಕು ಸುಮ್ಮನಾದೆ. ಆದರೆ ದಾವಣಗೆರೆ ಬಸ್ಸು ಹತ್ತಿದ ಮೇಲೂ ಬಿಡಲಿಲ್ಲ. ಸೂರ್ಯ ಎಷ್ಟು ವರ್ಷ ಇರ್ತಾನೆ? ಆಮೇಲೆ ಏನು? ಅದರ ಆಮೇಲೆ? ದೇವರು ಆಗಲೂ ಇರ್ತಾನಾ? ಚಿಕ್ಕಜಾಜೂರು ದಾಟುವಷ್ಟರಲ್ಲಿ ನನ್ನ ಹತ್ತಿರ ಉತ್ತರ ಖಾಲಿ. ನಿಮ್ಮಲ್ಲಿ ಇದ್ದರೆ ಹೇಳಿ.

ಲೆಕ್ಕದ ಮೇಷ್ಟ್ರು

ಮೊದಲು ಮಗುವಿಗೆ ನನ್ನ ಶಹಬ್ಬಾಸ್ ಹೇಳಿ. ಮೂವತ್ತು ವರ್ಷ ಪಾಠ ಮಾಡಿದ್ದೇನೆ, "ಅದರ ಆಮೇಲೆ?" ಅಂತ ಮೂರನೇ ಸಲ ಕೇಳುವ ಮಕ್ಕಳು ಬಹಳ ಕಡಿಮೆ.

ಸೂರ್ಯನಿಗೆ ಈಗ ಸುಮಾರು 460 ಕೋಟಿ ವರ್ಷ ವಯಸ್ಸು. ಒಳಗಿನ ಹೈಡ್ರೋಜನ್ ಇನ್ನೂ 500 ಕೋಟಿ ವರ್ಷಕ್ಕೆ ಸಾಕು. ಆಮೇಲೆ ಉಬ್ಬಿ ಕೆಂಪು ದೈತ್ಯನಾಗುತ್ತಾನೆ. ಆದರೆ ಅಲ್ಲಿಯ ತನಕ ಕಾಯಬೇಕಿಲ್ಲ. ಪ್ರತಿ 100 ಕೋಟಿ ವರ್ಷಕ್ಕೆ ಸೂರ್ಯನ ಕಾವು ಸುಮಾರು ನೂರಕ್ಕೆ ಹತ್ತರಷ್ಟು ಏರುತ್ತದೆ. ಇನ್ನೊಂದು 100 ಕೋಟಿ ವರ್ಷದ ಹೊತ್ತಿಗೆ ಸಮುದ್ರಗಳೇ ಆರಿಹೋಗುತ್ತವೆ ಅನ್ನುವುದು ಲೆಕ್ಕ. ಅಂದರೆ ಅರ್ಕ ಇರುತ್ತಾನೆ, ದಾನ ಕೊಟ್ಟ ಗದ್ದೆ ಇರುವುದಿಲ್ಲ!

ಚಂದ್ರನ ಕಥೆ ಬೇರೆ. ಅವನು ಸವೆಯುತ್ತಿಲ್ಲ, ಸರಿಯುತ್ತಿದ್ದಾನೆ. ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಹೋಗುತ್ತಾನೆ. ಅಪೊಲೊ ಯಾತ್ರಿಗಳು ಅಲ್ಲಿ ಇಟ್ಟು ಬಂದ ಕನ್ನಡಿಗಳಿಗೆ ಇಲ್ಲಿಂದ ಲೇಸರ್ ಬಿಟ್ಟು ಅಳೆದದ್ದು. ಸುಮಾರು 60 ಕೋಟಿ ವರ್ಷ ಕಳೆದರೆ ಅವನು ಸೂರ್ಯನನ್ನು ಪೂರ್ತಿ ಮುಚ್ಚುವಷ್ಟು ದೊಡ್ಡದಾಗಿ ಕಾಣುವುದಿಲ್ಲ. ಖಗ್ರಾಸ ಗ್ರಹಣ ಅಲ್ಲಿಗೆ ಮುಗಿಯಿತು.

ಅಂದ ಹಾಗೆ ಚಂದ್ರ ನಮ್ಮ ಚಿತ್ರದುರ್ಗ ಜಿಲ್ಲೆಗೆ ಅಷ್ಟೇನೂ ದೂರದವನಲ್ಲ. ಚಳ್ಳಕೆರೆ ಹತ್ತಿರ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋದವರು ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿ, ಮೇಲೆ ವಿಮಾನ ಹಾರಿಸಿ ಚಂದ್ರಯಾನದ ಇಳಿಯುವ ಉಪಕರಣಗಳನ್ನು ಪರೀಕ್ಷೆ ಮಾಡಿದ್ದರು.

ಇನ್ನೊಂದು ಮಾತು. ಶಾಸನದ ಕೊನೆಯ ಸಾಲುಗಳನ್ನು ಓದಿಸಿ ನೋಡಿ. ಬಹಳ ಶಾಸನಗಳಲ್ಲಿ ಅದೇ ಶಾಪದ ಶ್ಲೋಕ ಇರುತ್ತದೆ: ತಾನು ಕೊಟ್ಟದ್ದಾಗಲಿ ಬೇರೆಯವರು ಕೊಟ್ಟದ್ದಾಗಲಿ, ಭೂಮಿಯನ್ನು ಕಿತ್ತುಕೊಂಡವನು 60,000 ವರ್ಷ ಹೇಸಿಗೆಯ ಹುಳುವಾಗಿ ಹುಟ್ಟುತ್ತಾನೆ. ದಾನಕ್ಕೆ ಸೂರ್ಯ ಚಂದ್ರರಷ್ಟು ಆಯಸ್ಸು, ಶಿಕ್ಷೆಗೆ ಮಾತ್ರ ಬರೀ 60,000. ನಮ್ಮ ಹಿರಿಯರು ಸಿಟ್ಟಿನಲ್ಲೂ ಲೆಕ್ಕ ತಪ್ಪುತ್ತಿರಲಿಲ್ಲ.

ಮಂಡಕ್ಕಿ ಮಿರ್ಚಿ

500 ಕೋಟಿ ವರ್ಷ ಇದೆ ಅಂದ್ರೆ ನಮ್ಮ ಏರಿಯಾದ ಅಂಡರ್‌ಪಾಸ್ ಮುಗಿಯಬಹುದು. ಮನಸ್ಸಿಗೆ ಸ್ವಲ್ಪ ಸಮಾಧಾನ ಆಯ್ತು.

ಶ್ವೇತವರಾಹ

ಇದನ್ನೆಲ್ಲ ನಮ್ಮ ಋಷಿಗಳು ಯಾವತ್ತೋ ಹೇಳಿ ಆಗಿದೆ. ಬ್ರಹ್ಮನ ಒಂದು ಹಗಲು, ಅಂದರೆ ಒಂದು ಕಲ್ಪ, 432 ಕೋಟಿ ವರ್ಷ. ವಿಜ್ಞಾನ ಭೂಮಿಯ ವಯಸ್ಸು 454 ಕೋಟಿ ಅನ್ನುತ್ತದೆ. ಹೆಚ್ಚು ಕಡಿಮೆ ಒಂದೇ! ದೂರದರ್ಶಕ ಇಲ್ಲದೆ ಹೇಗೆ ಗೊತ್ತಾಯಿತು? ಯೋಚಿಸಿ.

ದಿಂಬುಕಲ್ಲು

ಯೋಚಿಸಿದೆ ಅಣ್ಣ. ನಾನು ಭೂವಿಜ್ಞಾನ ಓದಿದವನು, ಹಾಗಾಗಿ ಕಲ್ಲಿನ ಕಡೆಯಿಂದ ಹೇಳುತ್ತೇನೆ.

ಚಿತ್ರದುರ್ಗದಿಂದ ಹಿರಿಯೂರು ಕಡೆ ಹೋಗುವಾಗ ಐಮಂಗಲದ ಹತ್ತಿರ ಮರಡಿಹಳ್ಳಿ ಇದೆ. ಅಲ್ಲೊಂದು ಬಂಡೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ರಾಷ್ಟ್ರೀಯ ಭೂಸ್ಮಾರಕ ಅಂತ ಘೋಷಿಸಿದ್ದಾರೆ. ನೋಡಿದರೆ ಗೋಡೌನಿನಲ್ಲಿ ಅಕ್ಕಿ ಮೂಟೆ ಪೇರಿಸಿಟ್ಟ ಹಾಗೆ ಕಾಣುತ್ತದೆ. ಹಸಿರು ಮಿಶ್ರಿತ ಕಪ್ಪು ಬಣ್ಣ, ಒಂದರ ಮೇಲೊಂದು ಗುಂಡು ಗುಂಡು ಮೂಟೆ. ಲಾವಾ ನೀರಿನ ಅಡಿಯಲ್ಲಿ ಉಕ್ಕಿದರೆ ಹೀಗಾಗುತ್ತದೆ. ಹೊರಗಿನ ಪದರ ತಕ್ಷಣ ತಣ್ಣಗಾಗಿ ಗಟ್ಟಿಯಾಗುತ್ತದೆ, ಒಳಗೆ ಇನ್ನೂ ಹರಿಯುತ್ತಿರುತ್ತದೆ. ಎಲ್ಲೋ ಬಿರಿದು ಹೊರಗೆ ಬರುತ್ತದೆ, ಅದು ಇನ್ನೊಂದು ದಿಂಬು. ಅದಕ್ಕೇ ದಿಂಬು ಲಾವಾ. ಬರ ಬರ ಅಂತ ಹೆಸರು ಪಡೆದ ನಮ್ಮ ಸೀಮೆ ಒಂದು ಕಾಲಕ್ಕೆ ನೀರಿನ ತಳ.

ಮೊದಲ ಸಲ ಹೋದಾಗ ಮಧ್ಯಾಹ್ನ ಎರಡು ಗಂಟೆ. ಎರಡು ದಿಂಬುಗಳ ನಡುವಿನ ಸಂದಿಗೆ ಕೈ ಇಟ್ಟೆ. ಬಿಸಿಲಿಗೆ ಸುಡುತ್ತಿತ್ತು. ಒಂದು ಓತಿಕ್ಯಾತ ಸುಮ್ಮನೆ ತಲೆ ಆಡಿಸುತ್ತಾ ನನ್ನನ್ನೇ ನೋಡುತ್ತಿತ್ತು.

ಆ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ಈಗ ನನ್ನ ಪ್ರಶ್ನೆ. ಈಗ ನಡೆಯುತ್ತಿರುವ ಕಲ್ಪ, ಅಂದರೆ ಶ್ವೇತವರಾಹ ಕಲ್ಪ, ಶುರುವಾಗಿ ಎಷ್ಟು ವರ್ಷ ಆಯಿತು? ಮೇಷ್ಟ್ರೇ, ನೀವೇ ಲೆಕ್ಕ ಹಾಕಿ.

ಲೆಕ್ಕದ ಮೇಷ್ಟ್ರು

ಹಾಕಿದೆ. ಬೆಳಗಿನ ಕಾಫಿ ಆರಿಹೋಯಿತು.

ಒಂದು ಮಹಾಯುಗ 43,20,000 ವರ್ಷ. 71 ಮಹಾಯುಗಕ್ಕೆ ಒಂದು ಮನ್ವಂತರ. ಆರು ಮನ್ವಂತರ ಕಳೆದಿವೆ, ಈಗ ಏಳನೆಯದಾದ ವೈವಸ್ವತ ನಡೆಯುತ್ತಿದೆ. ಅದರಲ್ಲಿ 27 ಮಹಾಯುಗ ಮುಗಿದು 28ನೆಯದರ ಕಲಿಯುಗದಲ್ಲಿದ್ದೇವೆ. ನಡುನಡುವಿನ ಸಂಧಿಕಾಲವನ್ನೂ ಸೇರಿಸಿದರೆ ಈ ಕಲ್ಪದಲ್ಲಿ ಇಲ್ಲಿಯ ತನಕ ಕಳೆದದ್ದು 197 ಕೋಟಿ ಚಿಲ್ಲರೆ ವರ್ಷ.

ಹಾಗಾಗಿ ಶ್ವೇತವರಾಹ ಅವರೇ, 432 ಅನ್ನುವುದು ಹಗಲಿನ ಪೂರ್ತಿ ಉದ್ದ. ಆದ ವಯಸ್ಸಲ್ಲ. ಇನ್ನೂ ಅರ್ಧ ಹಗಲೂ ಆಗಿಲ್ಲ. ಭೂಮಿಯ ವಯಸ್ಸಿಗೆ ಹೋಲಿಸಬೇಕಾದರೆ 197ನ್ನು ಹೋಲಿಸಬೇಕು, ಅದು ಹೊಂದುವುದಿಲ್ಲ. ಮರಡಿಹಳ್ಳಿಯ ಕಲ್ಲು ಈ ಕಲ್ಪಕ್ಕಿಂತ 50 ಕೋಟಿ ವರ್ಷ ಹಳೆಯದು. ಪುರಾಣದ ಪ್ರಕಾರವೇ ಹೇಳುವುದಾದರೆ ಆ ಲಾವಾ ಉಕ್ಕುವಾಗ ಬ್ರಹ್ಮ ಮಲಗಿದ್ದ.

ಮಂಡಕ್ಕಿ ಮಿರ್ಚಿ

ಓನರ್ ಮಲಗಿದ್ದಾಗ ಕಲ್ಲು ಇಳಿಸಿ ಹೋಗಿದಾರೆ. ನಮ್ಮ ಕಡೆ ಲಾರಿಯವರೇ ಇರಬೇಕು.

ಶ್ವೇತವರಾಹ

ನಗಬೇಡಿ. ಆದರೂ ನಕ್ಕೆ, ಒಪ್ಪಿಕೊಳ್ಳುತ್ತೇನೆ. ಆ 432ರ ಮಾತು ನನಗೂ ವಾಟ್ಸಾಪಿನಲ್ಲೇ ಬಂದಿದ್ದು. ನಾನು ಲೆಕ್ಕ ಹಾಕಿ ನೋಡಿರಲಿಲ್ಲ, ತಪ್ಪು ನನ್ನದೇ.

ಆದರೆ ಒಂದು ಮಾತು ಹೇಳುತ್ತೇನೆ, ಇದು ವಾಟ್ಸಾಪಿನದ್ದಲ್ಲ. ನಾನು ಪೌರೋಹಿತ್ಯ ಮಾಡುವವನು. ದಿನಾ ಸಂಕಲ್ಪ ಹೇಳಿಸುತ್ತೇನೆ. ದ್ವಿತೀಯ ಪರಾರ್ಧೇ, ಶ್ವೇತವರಾಹ ಕಲ್ಪೇ, ವೈವಸ್ವತ ಮನ್ವಂತರೇ, ಕಲಿಯುಗೇ ಪ್ರಥಮಪಾದೇ ಅಂತ ಶುರು ಮಾಡಿ, ದೇಶ, ಊರು, ವರ್ಷ, ಮಾಸ, ತಿಥಿ, ವಾರ ಅಂತ ಇಳಿದು ಕೊನೆಗೆ ಎದುರಿಗೆ ಕೂತವರ ಗೋತ್ರ, ಹೆಸರಿಗೆ ಬಂದು ನಿಲ್ಲಿಸುತ್ತೇನೆ. ಹೊಸ ಮನೆ ಕಟ್ಟಿಸಿದವರ ಕಣ್ಣು ಅಡುಗೆಯವರು ಬಂದರಾ ಅಂತ ಬಾಗಿಲ ಕಡೆಗೇ ಇರುತ್ತದೆ. ನಾನು ಮಾತ್ರ ಅವರನ್ನು ಬ್ರಹ್ಮನ ಆಯಸ್ಸಿನೊಳಗೆ ಒಂದು ಜಾಗದಲ್ಲಿ ಕೂರಿಸುತ್ತಿರುತ್ತೇನೆ. ಪೋಸ್ಟಿನ ವಿಳಾಸವನ್ನು ತಿರುಗಿಸಿ ಬರೆದ ಹಾಗೆ, ದೊಡ್ಡದರಿಂದ ಸಣ್ಣದಕ್ಕೆ. ಅಂಕಿ ಸರಿಯಾ ತಪ್ಪಾ ಅನ್ನುವುದಕ್ಕಿಂತ ನನಗೆ ಇದು ಮುಖ್ಯ. ಅಷ್ಟು ದೊಡ್ಡ ಕಾಲ ಹೇಳಿದ ಮೇಲೂ ಕೊನೆಯಲ್ಲಿ "ಇವತ್ತು ಮಂಗಳವಾರ" ಅಂತ ಬರುತ್ತದಲ್ಲ, ಅದು.

ಇನ್ನೊಂದು, "ಕಲಿಗಾಲ ಮುಗೀತಾ ಬಂತು" ಅನ್ನುವವರಿಗೆ: ಕಲಿಯುಗ 4,32,000 ವರ್ಷ. ಕ್ರಿಸ್ತಪೂರ್ವ 3102ಕ್ಕೆ ಶುರು. ಕಳೆದದ್ದು ಐದು ಸಾವಿರದ ಚಿಲ್ಲರೆ. ನೂರಕ್ಕೆ ಒಂದೂಕಾಲು ಭಾಗವೂ ಆಗಿಲ್ಲ. ಇದು ಬೆಳಗಿನ ಜಾವ ರೀ!

ಹೊಳಲ್ಕೆರೆ ಹೈದ

ಭಟ್ಟರೇ, ಇನ್ನು ಮೇಲೆ ಸಂಕಲ್ಪ ಹೇಳುವಾಗ ಮೊಬೈಲ್ ನೋಡಲ್ಲ. ಮಾತು ಕೊಟ್ಟೆ.

ಮಗಳ ಮುಂದಿನ ಪ್ರಶ್ನೆ: ಸೂರ್ಯ ಹೋದರೂ ಬೇರೆ ನಕ್ಷತ್ರ ಇರುತ್ತವಲ್ಲ, ಅವೆಲ್ಲ ಹೋದ ಮೇಲೆ?

ಬಂಕ್ ನೈಟ್ ಡ್ಯೂಟಿ

ಈ ಪ್ರಶ್ನೆ ನನಗೆ ಬಿಡಿ. ಎಂಎಸ್ಸಿ ಫಿಸಿಕ್ಸ್ ಮಾಡಿ ಹೈವೇ ಪಕ್ಕ ಪೆಟ್ರೋಲ್ ಬಂಕಿನಲ್ಲಿ ರಾತ್ರಿ ಲೆಕ್ಕ ನೋಡಿಕೊಳ್ಳುತ್ತೇನೆ. ಎರಡು ಗಂಟೆಯಿಂದ ನಾಲ್ಕರ ತನಕ ಲಾರಿ ಕಡಿಮೆ. ಜಗತ್ತಿನ ಕೊನೆ ಬಗ್ಗೆ ಯೋಚನೆ ಮಾಡಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ವಿಶ್ವ ಹುಟ್ಟಿ ಸುಮಾರು 1,380 ಕೋಟಿ ವರ್ಷ. ಹಿಗ್ಗುತ್ತಲೇ ಇದೆ. ಗುರುತ್ವದ ಎಳೆತಕ್ಕೆ ಹಿಗ್ಗುವುದು ನಿಧಾನ ಆಗಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು. 1998ರಲ್ಲಿ ದೂರದ ಸೂಪರ್‌ನೋವಾಗಳನ್ನು, ಅಂದರೆ ಸಿಡಿಯುವ ನಕ್ಷತ್ರಗಳನ್ನು, ಅಳೆದ ಎರಡು ತಂಡಗಳಿಗೆ ಉಲ್ಟಾ ಉತ್ತರ ಬಂತು. ಹಿಗ್ಗುವ ವೇಗ ಜಾಸ್ತಿಯಾಗುತ್ತಿದೆ. 2011ರಲ್ಲಿ ಅದಕ್ಕೆ ನೊಬೆಲ್. ತಳ್ಳುತ್ತಿರುವುದು ಏನು ಅಂತ ಯಾರಿಗೂ ಗೊತ್ತಿಲ್ಲ. ಹೆಸರು ಮಾತ್ರ ಇಟ್ಟಿದ್ದಾರೆ, ಡಾರ್ಕ್ ಎನರ್ಜಿ. ವಿಶ್ವದಲ್ಲಿ ಇರುವುದರಲ್ಲಿ ಮೂರನೇ ಎರಡು ಭಾಗ ಅದೇ.

ಇದು ಹೀಗೇ ನಡೆದರೆ, 10,000 ಕೋಟಿ ವರ್ಷ ದಾಟಿದ ಮೇಲೆ ದೂರದ ಗೆಲಾಕ್ಸಿಗಳೆಲ್ಲ ಕಣ್ಣಳತೆಯ ಆಚೆ ಹೋಗಿರುತ್ತವೆ. ಆಗ ಎಲ್ಲೋ ಒಂದು ಗ್ರಹದಲ್ಲಿ ಯಾರೋ ಆಕಾಶ ನೋಡಿದರೆ ತಮ್ಮ ಗೆಲಾಕ್ಸಿ ಒಂದೇ ಕಾಣುತ್ತದೆ. ಸುತ್ತ ಕತ್ತಲೆ. "ವಿಶ್ವ ಅಂದರೆ ಇಷ್ಟೇ, ಇದು ಯಾವಾಗಲೂ ಹೀಗೇ ಇತ್ತು" ಅಂತ ಅವರು ಬರೆದುಕೊಳ್ಳುತ್ತಾರೆ. ಅವರ ಕಣ್ಣಿಗೆ ಬೀಳುವ ಪುರಾವೆಯ ಮಟ್ಟಿಗೆ ಅದು ಸರಿಯೇ, ಆದರೂ ಪೂರ್ತಿ ತಪ್ಪು. ನನಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸುವುದು ಇದು. ನಾವೂ ಏನೋ ಒಂದು ಕಣ್ಮರೆಯಾದ ಮೇಲೆ ಬಂದಿರಬಹುದಲ್ವಾ?

ಕೊನೆಯ ಸಣ್ಣ ಕೆಂಪು ನಕ್ಷತ್ರಗಳು ಆರುವುದು ಸುಮಾರು 1 ಕೋಟಿ ಕೋಟಿ ವರ್ಷಕ್ಕೆ. ಆಮೇಲೆ ಉಳಿಯುವುದು ಕಪ್ಪು ಕುಳಿಗಳು. ಅವೂ ನಿಧಾನಕ್ಕೆ ಆವಿಯಾಗುತ್ತವೆ ಅಂತ 1974ರಲ್ಲಿ ಹಾಕಿಂಗ್ ತೋರಿಸಿದರು. ಸೂರ್ಯನಷ್ಟು ತೂಕದ್ದಕ್ಕೆ 1ರ ಮುಂದೆ 67 ಸೊನ್ನೆ ಹಾಕಿದಷ್ಟು ವರ್ಷ ಬೇಕು. ಅತಿ ದೊಡ್ಡವಕ್ಕೆ ಸೊನ್ನೆ ನೂರರ ಹತ್ತಿರ.

ಕೊನೆ ಹೇಗಿರುತ್ತದೆ? ಹಂಡೆಯಲ್ಲಿ ನೀರು ಕಾಸಿದ್ದೀರಿ. ನೀರು ಬಿಸಿ, ಮನೆ ತಣ್ಣಗೆ. ಆ ವ್ಯತ್ಯಾಸ ಇರುವ ತನಕ ಏನಾದರೂ ಆಗುತ್ತಿರುತ್ತದೆ. ಹಬೆ ಏಳುತ್ತದೆ, ಮುಚ್ಚಳ ಕುಣಿಯುತ್ತದೆ. ಬೆಂಕಿ ಆರಿ, ನೀರೂ ಮನೆಯೂ ಒಂದೇ ಕಾವಿಗೆ ಬಂದ ಮೇಲೆ? ಏನೂ ಇಲ್ಲ. ನೀರು ಎಲ್ಲೂ ಹೋಗಿಲ್ಲ, ಮನೆಯೂ ಹೋಗಿಲ್ಲ, ಆದರೆ ಇನ್ನು ಏನೂ ನಡೆಯುವುದಿಲ್ಲ. ವಿಶ್ವಕ್ಕೆ ಇದೇ ಆಗುತ್ತದೆ ಅನ್ನುವುದನ್ನು ಶಾಖಮರಣ ಅನ್ನುತ್ತಾರೆ. ಪ್ರಳಯದ ಬೆಂಕಿಯೂ ಇಲ್ಲ, ನೀರೂ ಇಲ್ಲ. ಆರಿದ ಹಂಡೆ.

ಹೀಗೇ ಆಗುತ್ತದೆ ಅಂತ ಗ್ಯಾರಂಟಿ ಇಲ್ಲ ಅನ್ನುವುದನ್ನೂ ಸೇರಿಸಬೇಕು. 2024ರಲ್ಲೂ 2025ರಲ್ಲೂ ಗೆಲಾಕ್ಸಿಗಳ ನಕ್ಷೆ ಮಾಡುವ ಡೆಸಿ ಅನ್ನುವ ಸಮೀಕ್ಷೆಯವರು, ಡಾರ್ಕ್ ಎನರ್ಜಿ ಕಾಲ ಕಳೆದಂತೆ ದುರ್ಬಲ ಆಗುತ್ತಿರಬಹುದು ಅನ್ನುವ ಸುಳಿವು ಕೊಟ್ಟಿದ್ದಾರೆ. ಇನ್ನೂ ಸುಳಿವು ಅಷ್ಟೇ. ನಿಜವಾದರೆ ಕಥೆಯ ಕೊನೆ ಬದಲಾಗುತ್ತದೆ.

ಶ್ವೇತವರಾಹ

1 ಕೋಟಿ ಕೋಟಿಯಾ? ಬ್ರಹ್ಮನ ನೂರು ವರ್ಷದ ಆಯಸ್ಸು 3.1 ಕೋಟಿ ಕೋಟಿ ವರ್ಷ. ನೋಡಿ, ನಾನು ಏನೂ ಹೇಳುತ್ತಿಲ್ಲ. ಸುಮ್ನೆ ಅಂಕಿ ಪಕ್ಕಪಕ್ಕ ಇಟ್ಟೆ.

ದಿಂಬುಕಲ್ಲು

ಭಟ್ಟರೇ!

ಬಂಕ್ ನೈಟ್ ಡ್ಯೂಟಿ

ಹಹ್ಹ. ಇಡಿ, ಪರವಾಗಿಲ್ಲ. ಅಂಕಿ ತಾಳೆಯಾದದ್ದು ಕಾಕತಾಳೀಯ. ಆದರೆ ಒಂದನ್ನು ಒಪ್ಪಲೇಬೇಕು. ಕಾಲ ಅಂದ ತಕ್ಷಣ ಕೋಟಿ ಕೋಟಿಯಲ್ಲಿ ಯೋಚಿಸಲು ಈ ನೆಲದವರು ಹೆದರಲಿಲ್ಲ. ಎಷ್ಟೋ ಕಡೆ ಸೃಷ್ಟಿಗೆ ಕೆಲವೇ ಸಾವಿರ ವರ್ಷ ಅನ್ನುತ್ತಿದ್ದ ಕಾಲದಲ್ಲಿ.

ಇನ್ನೊಂದು ಹೇಳಲು ಮರೆತೆ, ಇದು ನಮ್ಮ ರಾಜ್ಯದ್ದೇ. ಕಲ್ಲು, ಕಬ್ಬಿಣ, ನಾವು ಎಲ್ಲ ಪರಮಾಣುವಿನೊಳಗಿನ ಪ್ರೋಟಾನ್ ಅನ್ನುವ ಕಣಗಳಿಂದ ಆದದ್ದು. ಆ ಪ್ರೋಟಾನಿಗೇ ಸಾವಿದೆಯಾ? 1980ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಆಳದಲ್ಲಿ, ಭಾರತ ಮತ್ತು ಜಪಾನಿನ ವಿಜ್ಞಾನಿಗಳು ಕಬ್ಬಿಣದ ಹಲಗೆಗಳನ್ನು ಪೇರಿಸಿ ಒಂದಾದರೂ ಪ್ರೋಟಾನ್ ಸಾಯುತ್ತದಾ ಅಂತ ವರ್ಷಗಟ್ಟಲೆ ಕಾದು ಕೂತಿದ್ದರು. ಆಮೇಲೆ ಜಪಾನಿನಲ್ಲಿ ನೀರು ತುಂಬಿದ ದೊಡ್ಡ ತೊಟ್ಟಿ ಕಟ್ಟಿ ಕಾದರು. ಇಲ್ಲಿಯ ತನಕ ಒಂದು ಸಾವೂ ಖಚಿತವಾಗಿಲ್ಲ. ಸತ್ತರೂ ಸರಾಸರಿ ಆಯಸ್ಸು 1ರ ಮುಂದೆ 34 ಸೊನ್ನೆ ಹಾಕಿದಷ್ಟು ವರ್ಷಕ್ಕಿಂತ ಹೆಚ್ಚು.

ಚಿನ್ನ ಹುಡುಕಲು ತೋಡಿದ ಗುಂಡಿಯಲ್ಲಿ ಸಾವು ಹುಡುಕಿದ್ದು. ಎಷ್ಟು ಚೆನ್ನಾಗಿದೆ.

ಮಾರಿಕಣಿವೆ

ನಾನು ಹಿರಿಯೂರಿನವಳು. ಫಿಸಿಕ್ಸ್ ಬರಲ್ಲ. "ಯಾವಾಗಲೂ ಇಲ್ಲ" ಅನ್ನುವುದಕ್ಕೆ ನಮ್ಮ ಮನೆಯಲ್ಲಿ ಒಂದು ಅಳತೆ ಇತ್ತು, ಅದನ್ನು ಹೇಳುತ್ತೇನೆ.

ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ ಅಣೆಕಟ್ಟು, 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಇಲ್ಲ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಸೈಕಲ್ ಬೇಕು ಅಂತ ಹಟ ಮಾಡಿದ್ದೆ. ಅಪ್ಪ "ಮಾರಿಕಣಿವೆ ಕೋಡಿ ಬೀಳಲಿ, ಕೊಡಿಸ್ತೀನಿ" ಅಂದರು. ಅಂದರೆ ಕೊಡಿಸಲ್ಲ ಅಂತ. ನಮ್ಮ ಮನೆಯಲ್ಲಿ ಎಲ್ಲದಕ್ಕೂ ಅದೇ ಉತ್ತರ. ಟಿವಿ, ಫ್ರಿಜ್, ಅಮ್ಮನ ಬಳೆ.

2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿತ್ತು. 89 ವರ್ಷ ಆದ ಮೇಲೆ. ಊರಿಗೆ ಊರೇ ನೋಡಲು ಹೋಯಿತು. ನಾನು ಅಲ್ಲೇ ನಿಂತು ಅಪ್ಪನಿಗೆ ಫೋನ್ ಮಾಡಿದೆ. "ಅಪ್ಪಾ, ಕೋಡಿ ಬಿತ್ತು. ಸೈಕಲ್ ಎಲ್ಲಿ?" ನೀರಿನ ಸದ್ದಿಗೆ ಅವರು ಏನು ಹೇಳಿದರೋ ಕೇಳಿಸಲಿಲ್ಲ. ನಗುತ್ತಿದ್ದರು ಅನ್ನುವುದು ಮಾತ್ರ ಗೊತ್ತಾಯಿತು.

ಮಂಡಕ್ಕಿ ಮಿರ್ಚಿ

ಅಕ್ಕ, ಸೈಕಲ್ ಬಂತಾ?

ಮಾರಿಕಣಿವೆ

ಇಲ್ಲ. "ಇನ್ನೊಂದು ಸಲ ಬೀಳಲಿ" ಅಂದರು.

ಐಸ್ ಕ್ಯಾಂಡಿ

ಅಕ್ಕನ ಅಪ್ಪನಿಗೆ ಸಲಾಂ.

ನಮ್ಮಲ್ಲಿ ಕುರಾನಿನ 103ನೇ ಸೂರಾ ಇದೆ, ಅಲ್ ಅಸ್ರ್. ಮೂರೇ ವಾಕ್ಯ. ಕಾಲದ ಮೇಲೆ ಆಣೆ ಇಟ್ಟು ಶುರುವಾಗುತ್ತದೆ, ಮನುಷ್ಯ ನಷ್ಟದಲ್ಲಿದ್ದಾನೆ ಅನ್ನುತ್ತದೆ. ನಂಬಿ, ಒಳ್ಳೆಯದು ಮಾಡಿ, ಸತ್ಯಕ್ಕೂ ತಾಳ್ಮೆಗೂ ಒಬ್ಬರಿಗೊಬ್ಬರು ಒತ್ತಾಸೆಯಾದವರು ಮಾತ್ರ ಆ ನಷ್ಟದಿಂದ ಹೊರಗೆ.

ಇದರ ಅರ್ಥ ಹೇಳಲು ಹಳೆಯ ವ್ಯಾಖ್ಯಾನದ ಒಂದು ಕಥೆ ಇದೆ. ಸಂತೆಯಲ್ಲಿ ಒಬ್ಬ ಮಂಜುಗಡ್ಡೆ ಮಾರುತ್ತಿದ್ದನಂತೆ. "ಬಂಡವಾಳವೇ ಕರಗಿ ಹೋಗುತ್ತಿರುವವನ ಮೇಲೆ ಕರುಣೆ ಇಡಿ" ಅಂತ ಕೂಗುತ್ತಿದ್ದ. ಅದನ್ನು ಕೇಳಿದವರಿಗೆ ಸೂರಾದ ಅರ್ಥ ಹೊಳೆಯಿತಂತೆ.

ನಮ್ಮ ಅಜ್ಜ ದಾವಣಗೆರೆಯಲ್ಲಿ ಕಾಟನ್ ಮಿಲ್ಲಿನ ಗೇಟ್ ಮುಂದೆ ಐಸ್ ಕ್ಯಾಂಡಿ ಮಾರುತ್ತಿದ್ದರು. ಶಿಫ್ಟ್ ಬಿಡುವ ಹೊತ್ತಿಗೆ ಡಬ್ಬದೊಳಗೆ ಹೊಟ್ಟು, ಗೋಣಿತಾಟು, ಅದರ ಮೇಲೆ ಇನ್ನೊಂದು ಗೋಣಿತಾಟು. ಸೈರನ್ ಐದು ನಿಮಿಷ ತಡವಾದರೆ ಅವರ ಮುಖ ನೋಡಬೇಕಿತ್ತು. ಅನಂತ ಕಾಲ ಅಂತ ಎಲ್ಲ ಮಾತಾಡುತ್ತಿದ್ದೀರಿ. ನನಗೆ ಕಾಲ ಅಂದರೆ ಆ ಡಬ್ಬ. ಮಿಲ್ಲುಗಳೂ ಈಗ ಇಲ್ಲ.

ಬಿಳಿಜೋಳ

ಎಲ್ಲ ಓದಿದೆ. ಒಂದು ಸಣ್ಣ ತಕರಾರು ಇದೆ, ಬೇಜಾರು ಮಾಡ್ಕೋಬೇಡಿ.

ಇಲ್ಲಿ ಎಲ್ಲರೂ "ಶಾಶ್ವತ" ಅನ್ನುವುದನ್ನು ಉದ್ದ ಅಂತ ಹಿಡಿದಿದ್ದೀರಿ. 500 ಕೋಟಿ ಸಾಲದಾ, ಕೋಟಿ ಕೋಟಿ. ಅದೂ ಸಾಲದಾ, ನೂರು ಸೊನ್ನೆ. ಎಷ್ಟು ಎಳೆದರೂ ಅದು ಹಗ್ಗವೇ. ಶರಣರು ಈ ಹಗ್ಗ ಎಳೆಯುವ ಆಟಕ್ಕೇ ಇಳಿಯಲಿಲ್ಲ. ಸ್ಥಾವರಕ್ಕೆ ಅಳಿವುಂಟು, ಜಂಗಮಕ್ಕೆ ಅಳಿವಿಲ್ಲ ಅಂತ ಬಸವಣ್ಣ ಹೇಳಿದ್ದು ಹನ್ನೆರಡನೇ ಶತಮಾನದಲ್ಲಿ. ಜಂಗಮ ಅಳಿಯುವುದಿಲ್ಲ ಅಂದದ್ದು ಅದು ಬಹಳ ಗಟ್ಟಿ ಅಂತ ಅಲ್ಲ. ನಿಂತಿಲ್ಲ, ಅದಕ್ಕೆ.

ನಮ್ಮ ಅವ್ವ ತೀರಿಕೊಂಡಾಗ ಮನೆಗೆ ಬಂದ ಹಿರಿಯರೊಬ್ಬರು "ಬಯಲು ಬಯಲಾಯ್ತು ಬಿಡವ್ವ" ಅಂದರು. ಅಳುತ್ತಿದ್ದೆ, ಆಗ ಅರ್ಥ ಆಗಲಿಲ್ಲ. ಸ್ವರ್ಗಕ್ಕೆ ಹೋದರು ಅನ್ನಲಿಲ್ಲ, ಮತ್ತೆ ಹುಟ್ಟುತ್ತಾರೆ ಅನ್ನಲಿಲ್ಲ. ಎಷ್ಟು ವರ್ಷ ಅನ್ನುವ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಬಯಲಿಗೆ ಗೋಡೆ ಎಲ್ಲಿ, ಮೂಲೆ ಎಲ್ಲಿ? ಜೋಳ ಕೊಯ್ದ ಮೇಲೆ ಹೊಲ ನೋಡಿದ್ದೀರಲ್ಲ, ಹಾಗೆ.

ಹೇಗೂ ನಾವೆಲ್ಲ ಬಯಲುಸೀಮೆಯವರೇ.

ಲೆಕ್ಕದ ಮೇಷ್ಟ್ರು

ತಾಯಿ, ಇದಕ್ಕೆ ನನ್ನ ಹತ್ತಿರ ಅಂಕಿ ಇಲ್ಲ. ಸುಮ್ಮನೆ ಓದಿದೆ. ಎರಡು ಸಲ.

ಸಿದ್ದಾಪುರದ ಬಂಡೆ

ಬಿಳಿಜೋಳ ಅಕ್ಕ, ಸ್ಥಾವರದ ಮಾತು ಬಂದಿದ್ದಕ್ಕೆ ನಾನೂ ಬಾಯಿ ಹಾಕುತ್ತೇನೆ. ನಾನು ಮೊಳಕಾಲ್ಮುರು ತಾಲ್ಲೂಕಿನವನು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರೂ ಕಡೆ ಅಶೋಕನ ಶಾಸನ ಇದೆ. ಅದರಲ್ಲಿ ಒಂದು ಪದ ಬರುತ್ತದೆ, "ಚಿರಠಿತಿಕೆ". ಚಿರಕಾಲ ನಿಲ್ಲಲಿ ಅಂತ. ಬ್ರಹ್ಮಗಿರಿಯಲ್ಲಿ ಕೆತ್ತಿದವನ ಹೆಸರೂ ಇದೆ: ಚಪಡ. ಬ್ರಾಹ್ಮಿಯಲ್ಲಿ ಎಲ್ಲ ಬರೆದು, "ಲಿಪಿಕರ" ಅನ್ನುವ ಕೊನೆಯ ಪದ ಮಾತ್ರ ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಹಾಕಿದ್ದಾನೆ. ನನಗೂ ಎರಡು ಲಿಪಿ ಬರುತ್ತದೆ ಅಂತ ತೋರಿಸಿದ ಹಾಗೆ!

ಕಲ್ಲು ನಿಂತಿತು, 2,200 ವರ್ಷದ ಮೇಲೆ. ಆದರೆ ಓದುವವರು ಉಳಿಯಲಿಲ್ಲ. ಬ್ರಾಹ್ಮಿಯನ್ನು ಓದಲು ಮತ್ತೆ ಕಲಿತದ್ದೇ 1837ರಲ್ಲಿ, ಜೇಮ್ಸ್ ಪ್ರಿನ್ಸೆಪ್ ಅನ್ನುವ ಇಂಗ್ಲಿಷ್ ವಿದ್ವಾಂಸರಿಂದ. ಅಲ್ಲಿಯ ತನಕ "ಚಿರಕಾಲ ನಿಲ್ಲಲಿ" ಅನ್ನುವುದು ಬರೀ ಗೀಚು.

ಬೌದ್ಧರಲ್ಲಿ ಕಲ್ಪಕ್ಕೆ ವರ್ಷದ ಲೆಕ್ಕ ಕೊಡುವುದಿಲ್ಲ, ಒಂದು ಹೋಲಿಕೆ ಕೊಡುತ್ತಾರೆ. ಒಂದು ಯೋಜನ ಉದ್ದ, ಅಗಲ, ಎತ್ತರದ ಬಿರುಕಿಲ್ಲದ ಬಂಡೆ ಬೆಟ್ಟ. ನೂರು ವರ್ಷಕ್ಕೆ ಒಮ್ಮೆ ಒಬ್ಬ ಬಂದು ಕಾಶಿಯ ನಯವಾದ ಬಟ್ಟೆಯಿಂದ ಒಂದು ಸಲ ಒರೆಸಿ ಹೋಗುತ್ತಾನೆ. ಹಾಗೆ ಒರೆಸಿ ಒರೆಸಿ ಬೆಟ್ಟ ಸವೆದು ಹೋದರೂ ಕಲ್ಪ ಮುಗಿದಿರುವುದಿಲ್ಲ. ಜೈನರಲ್ಲೂ ಇಂಥದ್ದೇ ಇದೆ. ಒಂದು ಯೋಜನದ ಹಳ್ಳದ ತುಂಬ ಎಳೆ ಕೂದಲು ತುಂಬಿ ನೂರು ವರ್ಷಕ್ಕೆ ಒಂದೊಂದೇ ತೆಗೆಯುವುದು. ಅವರಿಗೆ ಜಗತ್ತನ್ನು ಯಾರೂ ಮಾಡಿದ್ದೂ ಅಲ್ಲ, ಅದು ಮುಗಿಯುವುದೂ ಇಲ್ಲ. ಕಾಲದ ಚಕ್ರ ಇಳಿಯುತ್ತದೆ, ಏರುತ್ತದೆ, ಅಷ್ಟೇ. ಬುದ್ಧನಂತೂ ಲೋಕ ಶಾಶ್ವತವೋ ಅಲ್ಲವೋ ಅಂತ ಕೇಳಿದರೆ ಉತ್ತರ ಕೊಡುತ್ತಲೇ ಇರಲಿಲ್ಲ. ಮೈಗೆ ಬಾಣ ನಾಟಿದವನು ಅದನ್ನು ಬಿಟ್ಟವನ ಕುಲ ಗೋತ್ರ ವಿಚಾರಿಸುತ್ತಾ ಕೂರುತ್ತಾನಾ ಅಂತ ಕೇಳುತ್ತಿದ್ದ.

ಹೈದಣ್ಣ, ನಿಮ್ಮೂರಿನ ಕಲ್ಲಿಗೆ ಕಾಶಿ ಬಟ್ಟೆ ಬೇಕಾಗಲಿಲ್ಲ ನೋಡಿ. ಎಮ್ಮೆ ಹಗ್ಗ ಸಾಕಾಯಿತು.

ದಿಂಬುಕಲ್ಲು

ಹೈದಣ್ಣ, ಕಲ್ಲಿನ ಒಂದು ಫೋಟೋ ಹಾಕಿ. ಕಣಶಿಲೆ, ಅಂದರೆ ಗ್ರಾನೈಟ್ ಆದರೆ ಹಗ್ಗಕ್ಕೆ ಅಷ್ಟು ಬೇಗ ಸವೆಯಬಾರದು. ಬಳಪದ ಕಲ್ಲಿನ ಜಾತಿ ಇರಬೇಕು.

ಲೆಕ್ಕದ ಮೇಷ್ಟ್ರು

ಶಾಸನ ಈಗಾಗಲೇ ಅಚ್ಚಾಗಿರಬಹುದು. ಎಪಿಗ್ರಾಫಿಯಾ ಕರ್ನಾಟಿಕ ಅನ್ನುವ ಶಾಸನ ಸಂಗ್ರಹದ 11ನೇ ಸಂಪುಟ ಚಿತ್ರದುರ್ಗ ಜಿಲ್ಲೆಯದ್ದು, ಬಿ.ಎಲ್. ರೈಸ್ ಅವರು ಮಾಡಿದ್ದು. ಹೊಳಲ್ಕೆರೆ ಭಾಗದಲ್ಲಿ ನಿಮ್ಮೂರಿನ ಹೆಸರು ಹುಡುಕಿ. ದಾವಣಗೆರೆಯದ್ದೂ ಅದರಲ್ಲೇ ಇದೆ, 1997ರ ತನಕ ಎಲ್ಲ ಒಂದೇ ಜಿಲ್ಲೆ ತಾನೇ.

ಹೊಳಲ್ಕೆರೆ ಹೈದ

ಎಲ್ಲರಿಗೂ ದೊಡ್ಡ ನಮಸ್ಕಾರ. ಈ ಭಾನುವಾರ ಮತ್ತೆ ಹೋಗಿದ್ದೆ. ಮಗಳೂ ಬಂದಿದ್ದಳು, ಮೇಷ್ಟ್ರು ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ಫೋಟೋ ಸಂಜೆ ಹಾಕುತ್ತೇನೆ. ಬಿಳಿಜೋಳ ಅಕ್ಕ, ನಿಮ್ಮ ಮಾತು ಓದಿ ಹೇಳಿದೆ. ಕೊಯ್ದ ಹೊಲ ತೋರಿಸು ಅಂದಳು, ಹೋಗಿ ನಿಂತು ಬಂದೆವು.

ಎಮ್ಮೆ ವಿಷಯ. ಪಕ್ಕದ ಮನೆಯ ದೊಡ್ಡಪ್ಪನಿಗೆ ಸ್ವಲ್ಪ ಮೆಲ್ಲಗೆ ಹೇಳಿದೆ, ಇದು ಹಳೇ ಶಾಸನ, ಚಂದ್ರ ಸವೆದು ಹೋಗಿದ್ದಾನೆ, ಎಮ್ಮೆ ಬೇರೆ ಕಡೆ ಕಟ್ಟಿದರೆ ಚೆನ್ನಾಗಿತ್ತು ಅಂತ. ಅವರು ಬೀಡಿ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು.

"ನಾವು ಎಮ್ಮೆ ತಂದು ಆರು ವರ್ಷ ಆಗಿಲ್ಲ ಕಣಪ್ಪಾ. ಅದು ನಿಮ್ಮಜ್ಜ ಎತ್ತು ಕಟ್ತಿದ್ದ ಜಾಗ. ಅವರಪ್ಪನೂ ಅಲ್ಲೇ ಕಟ್ತಿದ್ದ."

ನನಗೆ ಮಾತೇ ಹೊರಡಲಿಲ್ಲ. ಮಗಳು ನೋಟ್‌ಬುಕ್ ತೆಗೆದು ಏನೋ ಹುಡುಕಿದಳು. ಆಮೇಲೆ ಕೇಳಿದಳು: "ಅಪ್ಪಾ, ಮುತ್ತಜ್ಜಂಗೆ 60,000 ವರ್ಷದಲ್ಲಿ ಎಷ್ಟು ಆಗಿದೆ?"

ಮೇಷ್ಟ್ರೇ, ಈ ಒಂದು ಲೆಕ್ಕ ನೀವೇ ಮಾಡಿಕೊಡಬೇಕು.

ಲೆಕ್ಕದ ಮೇಷ್ಟ್ರು

ಶಾಪ ಭೂಮಿ ಕಿತ್ತುಕೊಂಡವರಿಗೆ ಮಾತ್ರ. ಹಗ್ಗ ಕಟ್ಟಿದವರಿಗೆ ಅನ್ವಯಿಸುವುದಿಲ್ಲ ಅಂತ ಮಗುವಿಗೆ ಹೇಳಿ.

ಮತ್ತೆ, ಆ ಗದ್ದೆ ಈಗ ಯಾರ ಹೆಸರಿನಲ್ಲಿದೆ ಅಂತ ಮಾತ್ರ ಪಹಣಿ ತೆಗೆಸಿ ನೋಡಬೇಡಿ.